ಬಳಿ ತಗದಿಟ್ಟು ಮಾಡಿದ ಟ್ರೇ

ಹೋದ ಶುಕ್ರವಾರ ಅರಿಷಿಣ-ಕುಂಕುಮಕ್ಕ ಬಂದವರೆಲ್ಲಾ ಒಂದ ಮಾತು ಕೇಳಿದ್ರು. "ಈ ಕಟ್ಟಿಗಿ ಟ್ರೇ ಎಲ್ಲೆ ತೊಗೊಂಡ್ರಿ? ಭಾಳ ಛಲೋ ಅದ." ನಾನ ಮಾಡೇನಿ ಅಂದೆ. ಮೊದಲ ಯಾರೂ ನಂಬಲಿಲ್ಲ. ಆಮ್ಯಾಲ ಎದುರುಮನಿ ವೈನಿ ಅಂದ್ರು, "ಹೌದ್ರಿ, ನಾ ನೋಡೇನಿ. ಮಾಳಿಗಿ ಮ್ಯಾಲ ಶೀಟಿನ ಕೆಳಗ ನಿಂತು ಮಶೀನು ಹಿಡಕೊಂಡಿದ್ರು. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಕೈಯಾಗ ಬಳಿ ಯಾಕ ಇರಲಿಲ್ಲ?"

ಟ್ರೇ ಹೆಂಗ ಮಾಡಿದ್ರಿ ಅಂತ ಕೇಳಿದವರು ಇಬ್ಬರು. ಬಳಿ ಯಾಕ ತಗದ್ರಿ ಅಂತ ಕೇಳಿದವರು ಐದು ಮಂದಿ. ಎಲ್ಲಾರಿಗೂ ಅಲ್ಲೆ ನಿಂತು ಉತ್ತರ ಕೊಡ್ಲಿಕ್ಕೆ ಆಗಲಿಲ್ಲ. ಉಸಳಿ ಹಂಚೋದು ಬಾಕಿ ಇತ್ತು. ಅದಕ್ಕ ಈಗ ಕೂತು ಎರಡೂ ಬರೀತೀನಿ. ಟ್ರೇದ ಮಾತು ಮೊದಲ, ಬಳಿ ಮಾತು ಅದರ ಜೋಡಿನ ಬರ್ತದ. ಯಾಕಂದ್ರ ಖರೇ ಹೇಳಬೇಕಂದ್ರ ಅವೆರಡೂ ಬ್ಯಾರೆ ಬ್ಯಾರೆ ಅಲ್ಲ.

ನಮ್ಮನಿಯವರು ಎರಡು ವರ್ಷದ ಹಿಂದ ಪುಸ್ತಕದ ಕಪಾಟು ಮಾಡ್ತೀನಿ ಅಂತ ಒಂದು ಸಣ್ಣ ರೌಟರ್ ತಂದಿದ್ರು. ವೈಫೈ ರೌಟರ್ ಅಲ್ರಿ! ಕಟ್ಟಿಗಿ ಕೊರಿಯೋ ಮಶೀನು. ಒಂದು ಕೈಯಾಗ ಹಿಡಿಯೋವಷ್ಟ ಇರ್ತದ, ತಳದಾಗ ಒಂದು ಬಿಟ್ಟು ಗಿರಗಿರ ತಿರಗ್ತದ. ಡ್ರಿಲ್ಲು ಕೆಳಗ ತೂತು ಹಾಕ್ತದ, ಇದು ಹಂಗಲ್ಲ, ಅಡ್ಡ ಹೋಗಿ ಕಟ್ಟಿಗಿ ಕೆತ್ತತದ. ಬಡಿಗ್ಯಾರು ಸನ್‌ಮೈಕಾದ ಅಂಚು ಸವರ್ತಾರಲ್ಲ, ಅದ ಮಶೀನು. ಕಪಾಟು ಆಗಲಿಲ್ಲ. ಮಶೀನು ಡಬ್ಬಿಯೊಳಗ ಕೂತು ಧೂಳಾ ತಿಂತು.

ಈ ಸಲ ಬ್ಯಾಸಿಗಿಯೊಳಗ ಅಡಗಿಮನಿ ರಿಪೇರಿ ಮಾಡಿಸಿದಾಗ ಹಳೇ ಕಪಾಟಿನ ಬಾಗಲದ ಹಲಗಿ ಹೊರಗ ಬಿತ್ತು. ಸಾಗವಾನಿ. ನಮ್ಮ ಕಡೆ ಹಳೇ ಮನಿಗೋಳಿಗೆ ದಾಂಡೇಲಿ, ಹಳಿಯಾಳ ಕಡೆ ಸಾಗವಾನಿ ಬರ್ತಿತ್ತು, ನಿಮಗೆಲ್ಲಾ ಗೊತ್ತದ. ಒಂದೂವರಿ ಫೂಟು ಉದ್ದ, ಒಂದು ಫೂಟು ಅಗಲ, 20 ಮಿಮೀ ದಪ್ಪ. ಬಡಿಗ್ಯಾ ಅದನ್ನ ಒಲಿಗೆ ಹಾಕ್ರಿ ಅಂದ. ನನಗ ಕರುಳು ಚುರಕ್ ಅಂತು. ನಲವತ್ತು ವರ್ಷ ನಮ್ಮ ಅತ್ತಿಯವರು ದಿನಾ ತಗದು ಹಾಕಿದ ಬಾಗಲ ಅದು.

ಪ್ರತಿ ವರ್ಷ ಶ್ರಾವಣದಾಗ ನಾವು ಪ್ಲಾಸ್ಟಿಕ್ ಟ್ರೇ ತರ್ತೀವಿ. ಒಂದೆರಡು ವರ್ಷಕ್ಕ ಅದು ಸೀಳ್ತದ, ಕುಂಕುಮದ ಕಲಿ ಹೋಗೋದಿಲ್ಲ, ಬಿಸಾಕ್ತೀವಿ. ಈ ಹಲಗಿಯೊಳಗ ಒಂದು ಟ್ರೇ ಕುಂತದಲ್ಲ, ತಗದ್ರ ಆತು ಅನಸ್ತು.

ಈಗ ಮಾಡೋದು ಹೆಂಗ ಅಂತ ಹೇಳ್ತೀನಿ. ಒಂದ ಹಲಗಿಯ ನಡುವ ತಗ್ಗು ಕೊರೀಬೇಕು, ಸುತ್ತಲೂ ಅಂಚು ಉಳೀಬೇಕು. ಕೈಲೆ ಮಶೀನು ಹಿಡಕೊಂಡು ಸುಮ್ನ ಕೊರದ್ರ ಗೆರಿ ಹಾವಿನಂಗ ಹೋಗ್ತದ. ಅದಕ್ಕ ಒಂದು ಟೆಂಪ್ಲೇಟ್ ಬೇಕು. ಅಂದ್ರ ಪ್ಲೈವುಡ್ಡಿನಾಗ ನಮಗ ಬೇಕಾದ ಆಕಾರದ ಒಂದು ಕಿಟಕಿ. ಅದನ್ನ ಹಲಗಿ ಮ್ಯಾಲ ಸ್ಕ್ರೂ ಹಾಕಿ ಕೂಡಿಸೋದು. ಬಿಟ್ಟಿನ ಕುತ್ತಿಗಿಗೆ ಒಂದು ಸಣ್ಣ ಬೇರಿಂಗ್ ಇರ್ತದ. ಆ ಬೇರಿಂಗ್ ಕಿಟಕಿ ಅಂಚಿಗೆ ತಾಗಿ ಉರುಳ್ತದ, ಅದರ ಕೆಳಗಿನ ಹಲ್ಲು ಅಷ್ಟ ಜಾಗಾದಾಗ ಕಟ್ಟಿಗಿ ಕೊರೀತದ. ಗೆರಿ ದಾಟಿ ಹೊರಗ ಹೋಗ್ಲಿಕ್ಕೆ ಆಗೋದಿಲ್ಲ. ಟ್ರೇ ಮಾಡ್ಲಿಕ್ಕೇ ಅಂತ ಮೂಲಿ ದುಂಡಗಿರೋ ಬಿಟ್ಟು ಸಿಗ್ತದ, ಅದರಿಂದ ತಳ ಮತ್ತ ಅಂಚು ಕೂಡೋ ಜಾಗಾ ಬಟ್ಟಲದಂಗ ನುಣ್ಣಗ ಬರ್ತದ. ಕುಂಕುಮ ಸಂದಿಯೊಳಗ ಕೂಡೋದಿಲ್ಲ.

ಟೆಂಪ್ಲೇಟ್ ಗೆರಿ ಹಾಕೋದು ನಮಗ ಬರೋ ವಿದ್ಯಾನ ರೀ. ಕುಬಸದ ಕೊಳ್ಳು ಕತ್ತರಿಸುವಾಗ ಅರಿವಿ ಮಡಚ್ತೀವಿ ಇಲ್ಲೋ? ಎರಡೂ ಕಡೆ ಸರಿಸಮ ಬರ್ಲಿ ಅಂತ. ಹಂಗ 370 ಮಿಮೀ ಉದ್ದ, 220 ಮಿಮೀ ಅಗಲದ ಕಾಗದ ತೊಗೊಂಡು ನಾಲ್ಕು ಮಡಿಕಿ ಮಾಡಿದೆ. ಮೂಲಿ ದುಂಡಗ ಮಾಡಬೇಕು. ಕಂಪಾಸು ಹುಡುಗನ ಚೀಲದಾಗ ಇತ್ತು, ಅವ ಸಾಲಿಗೆ ಹೋಗಿದ್ದ. ಕೈಯಾಗಿನ ಒಂದು ಬಳಿ ತಗದು ಮೂಲಿಗೆ ಇಟ್ಟು ಪೆನ್ಸಿಲ್ ಎಳದೆ. ನನ್ನ ಬಳಿ ಅಳತಿ ಎರಡು-ಆರು. ಬಳಗಾರ ಎರಡು-ಆರು ಅಂದ್ರ ಎರಡು ಇಂಚು ಮತ್ತ ಹದಿನಾರರಾಗ ಆರು ಭಾಗ, ಸುಮಾರು 60 ಮಿಮೀ. ಕಾಗದ ಬಿಚ್ಚಿದ್ರ ನಾಲ್ಕೂ ಮೂಲಿ ಒಂದ ನಮೂನಿ. ಆವಾಗ ಬಳಿ ತಗದದ್ದು ಯಾರೂ ನೋಡಲಿಲ್ಲ, ಯಾರೂ ಏನೂ ಅನ್ನಲಿಲ್ಲ.

ಪ್ಲೈವುಡ್ಡಿನಾಗ ಕಿಟಕಿ ಕೊರಿಯೋದಕ್ಕ ಜಿಗ್‌ಸಾ ಬೇಕು. ಗೆರಿಯಿಂದ ಒಂದೆರಡು ಮಿಮೀ ಒಳಗ ಬಿಟ್ಟು ಕೊರದು, ಉಳಿದದ್ದನ್ನ ಕಾನಸ್ ಮತ್ತ ಉಸುಕಿನ ಕಾಗದದಿಂದ ತಿಕ್ಕಿ ಗೆರಿಗೆ ತರಬೇಕು. ಇಲ್ಲೆ ಅವಸರ ಮಾಡಬ್ಯಾಡ್ರಿ. ಟೆಂಪ್ಲೇಟಿನಾಗ ಒಂದು ಕೂದಲೆಳಿಯಷ್ಟು ಗುಳಿ ಇದ್ರ ಬೇರಿಂಗ್ ಅದರಾಗ ಇಳೀತದ, ಟ್ರೇದಾಗೂ ಅದ ಗುಳಿ ಬೀಳ್ತದ. ಹತ್ತು ಟ್ರೇ ಮಾಡಿದ್ರ ಹತ್ತರಾಗೂ ಬೀಳ್ತದ. ಬೆರಳು ಆಡಿಸಿ ನೋಡ್ರಿ, ಕಣ್ಣಿಗೆ ಕಾಣಲಾರದ್ದು ಬೆರಳಿಗೆ ತಿಳೀತದ.

ನನ್ನ ಮೊದಲ ಟೆಂಪ್ಲೇಟ್ ಕೆಟ್ಟು ಹೋತು. ಯಾಕ ಅನ್ನೋದು ಹೇಳ್ತೀನಿ, ನಿಮ್ಮದು ಕೆಡಬಾರದು. ಮನ್ಯಾಗ 6 ಮಿಮೀ ಪ್ಲೈವುಡ್ ತುಂಡು ಇತ್ತು, ಅದರಾಗ ಮಾಡಿದೆ. ಬಿಟ್ಟಿನ ಹಲ್ಲು ಸುಮಾರು 12 ಮಿಮೀ ಎತ್ತರ, ಬೇರಿಂಗ್ ಅದರ ಮ್ಯಾಲ. ಮೊದಲನೇ ಸಲ ಕಟ್ಟಿಗಿಯೊಳಗ 3 ಮಿಮೀ ಅಷ್ಟ ಇಳಿಸಿದ್ರ ಬೇರಿಂಗ್ ಎಲ್ಲೆ ಇರ್ತದ? ಹಲಗಿಯಿಂದ 9 ಮಿಮೀ ಮ್ಯಾಲ. ಟೆಂಪ್ಲೇಟ್ 6 ಮಿಮೀದ್ದು. ಬೇರಿಂಗ್ ಗಾಳಿಯೊಳಗ, ಹಲ್ಲು ಟೆಂಪ್ಲೇಟಿಗೆ! ಘರ್ ಅಂತ ಅಂಚು ತಿಂದು ಬಿಡ್ತು. ಎರಡು ದಿನದ ಕೆಲಸಾ ಎರಡು ಸೆಕೆಂಡಿನಾಗ. ಎರಡನೇದು 18 ಮಿಮೀ ಪ್ಲೈವುಡ್ಡಿನಾಗ ಮಾಡಿದೆ, ಬೇರಿಂಗಿಗೆ ಪೂರ್ತಿ ಗೋಡಿ ಸಿಕ್ತು.

ಆ ಅಂಚು ತಿಂದ ಸದ್ದಿಗೆ ನಾ ಅಂಜಿ ಮಶೀನು ಬಂದ್ ಮಾಡಿ ಕೈ ನೋಡಿಕೊಂಡೆ. ಮಣಿಕಟ್ಟಿನಾಗ ಡಜನ್ ಹಸಿರು ಗಾಜಿನ ಬಳಿ. ಬಿಟ್ಟಿನಿಂದ ನಾಲ್ಕು ಬೆರಳು ದೂರ. ಈ ಸಣ್ಣ ರೌಟರ್ ನಿಮಿಷಕ್ಕ ಸುಮಾರು 30,000 ಸುತ್ತು ತಿರಗ್ತದ, ಅಂದ್ರ ಸೆಕೆಂಡಿಗೆ 500. ಬಳಿ ಒಡದು ಒಂದು ಚೂರು ಅದಕ್ಕ ಸಿಕ್ಕಿದ್ರ ಅದು ಎಲ್ಲೆ ಹಾರ್ತದ ಅನ್ನೋದು ಹೇಳ್ಲಿಕ್ಕೆ ಆಗೋದಿಲ್ಲ. ಲೋಹದ ಬಳಿ ಸಿಕ್ಕಿದ್ರ ಕೈನ ಎಳೀತದ. ಅವತ್ತ ನಾ ಒಂದು ನಿಯಮ ಮಾಡಿಕೊಂಡೆ. ಬಳಿ, ಉಂಗುರ, ಗಡಿಯಾರ ತಗದಿಡೋದು. ಮಂಗಳಸೂತ್ರ ಕುಬಸದೊಳಗ. ಕೂದಲು ಗಂಟು ಕಟ್ಟಿ ಅರಿವಿಯೊಳಗ. ಸೀರಿ, ಓಢಣಿ ಬ್ಯಾಡ, ಮೈಗೆ ಹತ್ತಿದ ಜಂಪರ್-ಪ್ಯಾಂಟು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕು. ಕೈಗವಸು ಮಾತ್ರ ಹಾಕಬ್ಯಾಡ್ರಿ. ಭಾಳ ಮಂದಿ ಅದು ರಕ್ಷಣಾ ಅಂತ ತಿಳೀತಾರ, ತಿರಗೋ ಮಶೀನಿಗೆ ಕೈಗವಸಿನ ಅರಿವಿ ಸಿಕ್ಕಿದ್ರ ಬೆರಳು ಜೋಡಿನ ಒಳಗ ಹೋಗ್ತದ. ಬಿಟ್ಟು ಬದಲಿಸುವಾಗ ಬಟನ್ ಬಂದ್ ಮಾಡಿದ್ರ ಸಾಲದು, ಪ್ಲಗ್ಗ ತಗೀಬೇಕು.

ಮರುದಿನ ಬಳಿ ತಗದು ದೇವರ ಮನಿ ಕಟ್ಟಿ ಮ್ಯಾಲ ಇಟ್ಟು ಮಾಳಿಗಿ ಹತ್ತಲಿಕ್ಕೆ ಹೊಂಟೆ. ಅತ್ತಿಯವರು ನೋಡಿದ್ರು. "ಇದೇನು ಬರಿಗೈ?" ಅಂದ್ರು. ಹೇಳಿದೆ. "ಹಂಗಿದ್ರ ಆ ಕೆಲಸಾನ ಬ್ಯಾಡ" ಅಂದ್ರು. ನಾ ಏನೋ ಹೇಳ್ಲಿಕ್ಕೆ ಹೋದೆ. ಅವರು ಮುಖ ತಿರಗಿಸಿ, "ನನ್ನ ಕೈ ನೋಡಿದ್ದು ಸಾಲದೇನು ಈ ಮನಿಗೆ" ಅಂದು ಒಳಗ ಹೋದ್ರು.

ನಮ್ಮ ಮಾವನವರು ಹೋಗಿ ಒಂಬತ್ತು ವರ್ಷ ಆತು. ಅತ್ತಿಯವರ ಕೈಯಾಗಿನ ಬಳಿ ಅವತ್ತ ಯಾರ್ಯಾರೋ ಕೂಡಿ ತಗದ್ರು. ನಾನೂ ಅಲ್ಲೆ ನಿಂತಿದ್ದೆ, ಒಂದು ಮಾತು ಆಡಲಿಲ್ಲ. ಹೊಸಾ ಸೊಸಿ ಅಲ್ಲ, ಸಣ್ಣಾಕಿನೂ ಅಲ್ಲ. ಆದ್ರೂ ಆಡಲಿಲ್ಲ. ಅವರಿಗೆ ಬರಿಗೈ ಅಂದ್ರ ಅದ ದಿನಾ ಕಣ್ಣ ಮುಂದ ಬರ್ತದ. ಅವರ ಅಂಜಿಕಿ ನನ್ನ ಮ್ಯಾಲಿನ ಪ್ರೀತಿಯಿಂದ ಬಂದದ್ದು ಅಂತ ನನಗ ಗೊತ್ತದ. ಅದಕ್ಕ ಅವತ್ತ ಮಾಳಿಗಿ ಹತ್ತಲಿಲ್ಲ.

ಎರಡು ದಿನ ಬಿಟ್ಟು ಅವರ ಹತ್ತರ ಕೂತು ಹೇಳಿದೆ. "ಅತ್ಯಾ, ಹೆರಿಗಿಗೆ ಒಳಗ ಕರಕೊಂಡು ಹೋಗುವಾಗ ನರ್ಸಬಾಯಿ ನನ್ನ ಬಳಿ ತಗದು ನಿಮ್ಮ ಕೈಯಾಗ ಕೊಟ್ಟಿದ್ಲು. ನೀವು ಸೆರಗಿನಾಗ ಕಟ್ಟಿಕೊಂಡು ಕೂತಿದ್ರಿ. ಅವತ್ತ ಅಪಶಕುನ ಅನಸಲಿಲ್ಲ. ಇವತ್ತೂ ಹಂಗ ತಿಳೀರಿ." ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಂಜಿಮುಂದ ನಾ ಬಳಿ ತಗದಾಗ ಕೈ ಚಾಚಿದ್ರು, ಸೆರಗಿನಾಗ ಕಟ್ಟಿಕೊಂಡ್ರು. "ಲಗೂನ ಬಾ" ಅಂದ್ರು ಅಷ್ಟ.

ಕೊರಿಯೋ ಕೆಲಸಕ್ಕ ಬರ್ತೀನಿ. ಹಳೇ ಹಲಗಿ ಇದ್ರ ಮೊದಲ ಮೊಳಿ ಉಳದಾವೇನು ನೋಡ್ರಿ, ಅಯಸ್ಕಾಂತ ಆಡಿಸಿದ್ರ ಗೊತ್ತಾಗ್ತದ. ಟೆಂಪ್ಲೇಟಿನ ಸ್ಕ್ರೂ, ಆಮ್ಯಾಲ ಕತ್ತರಿಸಿ ಬಿಸಾಕೋ ಹೊರಗಿನ ಅಂಚಿನಾಗ ಹಾಕ್ರಿ, ಅದರ ತಲಿ ಪ್ಲೈವುಡ್ಡಿನೊಳಗ ಮುಳಗಿರಬೇಕು. ಹಲಗಿ ಅಲಗಾಡಬಾರದು ಅಂತ ಹಳೇ ಟೇಬಲ್ಲಿಗೆ ನಾಲ್ಕೂ ಕಡೆ ಪಟ್ಟಿ ಬಡದೆ. ಮಶೀನಿನ ತಳ ಸಣ್ಣದು, ನಡುವಿನ ಕಟ್ಟಿಗಿ ಹೋದ ಮ್ಯಾಲ ಅದು ತಗ್ಗಿನೊಳಗ ವಾಲ್ತದ. ಅದಕ್ಕ ತಳದ ಪ್ಲೇಟ್ ತಗದು ಒಂದೂವರಿ ಫೂಟು ಉದ್ದದ ದಪ್ಪ ಅಕ್ರಿಲಿಕ್ ಪಟ್ಟಿ ಹಚ್ಚಿದೆ. ಅದು ಈ ದಂಡಿಯಿಂದ ಆ ದಂಡಿಗೆ ಸೇತುವಿಯಂಗ ಕೂಡ್ತದ.

ನಡುವ ಡ್ರಿಲ್ಲಿನಿಂದ ಒಂದು ಅಗಲ ಗುಳಿ ಮಾಡಿ, ಬಿಟ್ಟು ಅದರಾಗ ಇಳಿಸಿ ಮಶೀನು ಚಾಲೂ ಮಾಡಿದ್ರ ಸುರು ಮಾಡುವಾಗ ಜಗ್ಗೋದಿಲ್ಲ. ಒಮ್ಮೆಗೆ 3 ಮಿಮೀ ಅಷ್ಟ. ನಾಲ್ಕು ಸಲಕ್ಕ 12 ಮಿಮೀ ಆಳ, ತಳ 8 ಮಿಮೀ ಉಳೀತು. ದಿಕ್ಕು ನೆನಪಿಡ್ರಿ. ಒಳಗಿನ ಅಂಚಿಗೆ ಪ್ರದಕ್ಷಿಣಿ ಹಾಕಿದಂಗ, ಹೊರಗಿನ ಅಂಚಿಗೆ ಅಪ್ರದಕ್ಷಿಣಿ. ಉಲ್ಟಾ ಹೋದ್ರ ಬಿಟ್ಟು ತಾನ ಓಡ್ಲಿಕ್ಕೆ ಹತ್ತತದ, ಕೈಯಾಗ ನಿಲ್ಲೋದಿಲ್ಲ. ಮೂಲಿಯೊಳಗ ನಿಂತು ವಿಚಾರ ಮಾಡಬ್ಯಾಡ್ರಿ, ನಿಂತಲ್ಲೆ ಕಟ್ಟಿಗಿ ಸುಟ್ಟು ಕರ್ರಗ ಆಗ್ತದ. ನನ್ನ ಟ್ರೇದ ಒಂದು ಮೂಲಿಗೆ ಹಂಗ ಆಗೇದ, ಸಾಗವಾನಿ ಗಟ್ಟಿ, ತಿಕ್ಕಿದ್ರೂ ಪೂರ್ತಿ ಹೋಗಲಿಲ್ಲ. ಮಶೀನು ಬಂದ್ ಮಾಡಿದ ಮ್ಯಾಲ ಬಿಟ್ಟು ಪೂರ್ತಿ ನಿಲ್ಲೋ ತನಕಾ ಕೈಯಾಗ ಹಿಡಕೊಂಡ ನಿಲ್ರಿ.

ಒಳಗಿನ ಗೋಡಿಯಿಂದ ಎಲ್ಲಾ ಕಡೆ 12 ಮಿಮೀ ಬಿಟ್ಟು ಗೆರಿ ಎಳದು ಜಿಗ್‌ಸಾದಿಂದ ಹೊರಗಿನ ಆಕಾರ ಕತ್ತರಿಸಿದೆ. ಆಮ್ಯಾಲ ಉಸುಕಿನ ಕಾಗದ, 80, 120, 220 ನಂಬರಿಂದು, ಕಟ್ಟಿಗಿ ಎಳಿ ಇದ್ದ ದಿಕ್ಕಿಗೇ ತಿಕ್ಕಿದೆ. ಕಡೀಕ ಅಗಸಿ ಎಣ್ಣಿ. ಶೇಂಗಾ ಎಣ್ಣಿ ಹಚ್ಚಬ್ಯಾಡ್ರಿ, ಅದು ಒಣಗೋದಿಲ್ಲ, ಅಂಟು ಅಂಟು ಆಗಿ ವಾಸನಿ ಬರ್ತದ. ಅಗಸಿ ಎಣ್ಣಿ ಗಾಳಿಗೆ ಗಟ್ಟಿ ಆಗ್ತದ. ತೆಳ್ಳಗ ಹಚ್ಚಿ, ಹೆಚ್ಚಿಗಿದ್ದದ್ದು ಒರಸಿ, ದಿನಗಟ್ಲೆ ಒಣಗಲಿಕ್ಕೆ ಬಿಡಬೇಕು. ಒರಸಿದ ಅರಿವಿ ಮುದ್ದಿ ಮಾಡಿ ಒಗೀಬ್ಯಾಡ್ರಿ. ಅಗಸಿ ಎಣ್ಣಿ ಒಣಗುವಾಗ ಬಿಸಿ ಹುಟ್ಟತದ, ಮುದ್ದಿ ಅರಿವಿ ತಾನ ಹೊತ್ತಿಕೋಬಹುದು. ನೀರಾಗ ತೋಯಿಸಿ ಹೊರಗ ಹರವಿ ಒಣಗಿಸ್ರಿ.

ಇಷ್ಟ ಕೆಲಸಾ. ಇದರಾಗ ಗಂಡಸರ ಕೈಲೆ ಅಷ್ಟ ಆಗೋವಂಥಾದ್ದು ನನಗೇನೂ ಕಾಣಲಿಲ್ಲ. ಅಳತಿ, ತಾಳ್ಮಿ, ಕೈಯ ಹದಾ. ಎರಡು ಕೊಡ ನೀರು ಎತ್ತಿದ ಕೈಗೆ ಈ ಮಶೀನು ಭಾರ ಅಲ್ಲ. ನಮ್ಮನ್ನ ಅದರಿಂದ ದೂರ ಇಟ್ಟದ್ದು ಶಕ್ತಿ ಕಡಿಮಿ ಅಂತ ಅಲ್ಲ, ಬಳಿ ತಗೀಬಾರದು ಅನ್ನೋ ಒಂದು ಮಾತು. ಬಳಿ ಇಟ್ಟುಕೊಂಡು ಮಶೀನು ಹಿಡಿಯೋದು ಅಪಾಯ, ತಗಿಯೋದು ಅಪಶಕುನ, ಹಂಗಾದ್ರ ಮುಟ್ಟೋದ ಬ್ಯಾಡ. ಲೆಕ್ಕ ಅಲ್ಲೆ ಮುಗೀತದ.

ನಾ ಬಳಿ ಹಾಕಬ್ಯಾಡ್ರಿ ಅಂತ ಹೇಳ್ಲಿಕ್ಕೆ ಹತ್ತಿಲ್ಲ. ನನಗ ಹಸಿರು ಬಳಿ ಅಂದ್ರ ಇಷ್ಟ, ಬಳಗಾರ ಬಂದ್ರ ಮೊದಲ ಓಡಾಕಿ ನಾನ. ಈಗೂ ಇದನ್ನ ಬರಿಯುವಾಗ ಕೈಯಾಗ ಸದ್ದು ಮಾಡ್ಲಿಕ್ಕೆ ಹತ್ತ್ಯಾವ. ಆದ್ರ ಗಂಡನ ಆಯುಷ್ಯ ಬಳಿಯೊಳಗ ಅದ ಅನ್ನೋ ಮಾತು ನನಗ ಒಪ್ಪಿಗಿ ಇಲ್ಲ. ಯಾಕ ಅಂದ್ರ, ಆ ಮಾತು ಒಪ್ಪಿಕೊಂಡ್ರ ಅದರ ಇನ್ನೊಂದು ಕಡೀನೂ ಒಪ್ಪಿಕೊಂಡಂಗ. ನನ್ನ ಒಂದು ತಾಸಿನ ಬರಿಗೈ ಕೆಟ್ಟದ್ದು ಅಂದ್ರ, ನಮ್ಮ ಅತ್ತಿಯವರ ಒಂಬತ್ತು ವರ್ಷದ ಬರಿಗೈ ಏನಂತ ತಿಳಿಯೋದು? ಅದ ಕೈಲೆ ಮಾಡಿದ ಅಡಗಿ ಉಣ್ತೀವಿ, ಅದ ಕೈ ನಮ್ಮ ಕೂಸುಗಳಿಗೆ ಎಣ್ಣಿ ಹಚ್ಚಿ ಎರದದ್ದು. ಕುಂಕುಮದ ಟ್ರೇ ಬಂದಾಗ ಮಾತ್ರ ಆ ಕೈ ಅಶುಭ ಆಗ್ತದೇನು?

"ಪದ್ಧತಿ ಅದ, ನಾವೇನು ಮಾಡೋದು" ಅಂತೀರಿ. ನಾನೂ ಇಷ್ಟು ವರ್ಷ ಅದನ್ನ ಅಂದೆ. ಆದ್ರ ಟೆಂಪ್ಲೇಟ್ ಮಾಡುವಾಗ ಒಂದು ತಿಳೀತು. ಅದರಾಗಿನ ಗುಳಿ ಟ್ರೇದ ತಪ್ಪಲ್ಲ. ಟ್ರೇ ಎಷ್ಟು ತಿಕ್ಕಿದ್ರೂ ಮುಂದಿನ ಟ್ರೇದಾಗ ಮತ್ತ ಅದ ಗುಳಿ ಬರ್ತದ. ಹೊಸಾ ಟೆಂಪ್ಲೇಟ್ ಮಾಡೋದೊಂದ ದಾರಿ. ಅದಕ್ಕ ಭಾಳೇನೂ ಬೇಕಾಗಿಲ್ಲ, ನಮ್ಮ ಮನಿಯಿಂದ ಸುರು ಮಾಡಿದ್ರ ಸಾಕು.

ಹೋದ ಶುಕ್ರವಾರ ಪ್ರತಿ ವರ್ಷದಂಗ ಅತ್ತಿಯವರು ಒಳಗಿನ ಖೋಲ್ಯಾಗ ಕೂತಿದ್ರು, ಬಾಗಲಾ ಅರ್ಧ ಮುಚ್ಚಿಕೊಂಡು. ಎಲ್ಲಾರಿಗೂ ಕೊಡೂದಕ್ಕಿಂತ ಮೊದಲ ಟ್ರೇ ಅವರ ಮುಂದ ಹಿಡದೆ. ಹೊರಗ ಮಾತು ನಿಂತು ಹೋದವು, ನನಗ ಕೇಳಸ್ತು. ಅತ್ತಿಯವರು ನನ್ನ ಮುಖ ನೋಡಿದ್ರು. ಕುಂಕುಮ ಮುಟ್ಟಲಿಲ್ಲ. ಒಂದು ಮಲ್ಲಿಗಿ ದಂಡಿ ತೊಗೊಂಡು ತೊಡಿ ಮ್ಯಾಲ ಇಟ್ಟುಕೊಂಡ್ರು. ಟ್ರೇದ ಅಂಚಿನ ಮ್ಯಾಲ ಬೆರಳು ಆಡಿಸಿದ್ರು. ಆಮ್ಯಾಲ ಸಣ್ಣ ದನಿಯೊಳಗ ಅಂದ್ರು, "ಈ ಮೂಲಿ ಇನ್ನೂ ನುಣ್ಣಗ ಆಗಿಲ್ಲ ನೋಡು." ಸುಟ್ಟ ಮೂಲಿ ಅದು. ಅವರ ಬೆರಳಿಗೆ ತಿಳದಿತ್ತು.

ಅವತ್ತ ಬಂದವರಾಗ ಒಬ್ಬರು ಉಡಿ ತುಂಬಿಸಿಕೊಳ್ಳದ ಲಗೂನ ಎದ್ದು ಹೋದ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ಮೂಲಿಮನಿ ಕಾಕು ಮಾತ್ರ ಹೋಗುವಾಗ ಖೋಲಿ ಬಾಗಲಕ್ಕ ನಿಂತು ಅತ್ತಿಯವರಿಗೆ "ಬರ್ತೀನ್ರಿ" ಅಂತ ನಮಸ್ಕಾರ ಮಾಡಿ ಹೋದ್ರು. ಇಷ್ಟು ವರ್ಷದಾಗ ಆ ದಿನ ಅವರ ಜೋಡಿ ಯಾರೂ ಮಾತಾಡಿರಲಿಲ್ಲ.

ಶ್ರಾವಣದ ಶುಕ್ರವಾರ ಇನ್ನೂ ಉಳದಾವ. ನಿಮ್ಮ ಮನ್ಯಾಗೂ ಒಳಗಿನ ಖೋಲ್ಯಾಗ ಕೂತವರು ಯಾರರ ಇರ್ತಾರ. ಟ್ರೇ ಕಟ್ಟಿಗೀದಿರಲಿ, ಸ್ಟೀಲಿಂದಿರಲಿ, ಒಮ್ಮೆ ಅವರ ಮುಂದ ಹಿಡೀರಿ. ತೊಗೊಳ್ಳೋದು ಬಿಡೋದು ಅವರಿಗೆ ಬಿಟ್ಟದ್ದು. ಹಿಡಿಯೋದು ನಮ್ಮ ಕೈಯಾಗ ಅದ.

ಟೆಂಪ್ಲೇಟ್ ನನ್ನ ಹತ್ತರ ಇಟ್ಟೀನಿ. ಬೇಕಾದವರು ಒಯ್ರಿ. ಬರುವಾಗ ಒಂದು ಹಲಗಿ ತರ್ರಿ, ಬಳಿ ಇಡ್ಲಿಕ್ಕೆ ಅತ್ತಿಯವರ ಸೆರಗು ಅದ.